ನ್ಯಾಯಾಧೀಶರ ಹೆಸರಿನ ದತ್ತಿನಿಧಿ ಸ್ತಂಭಿಸಿದಾಗ: ಒಂದು ಲಾ ಸ್ಕೂಲ್ ವಿದ್ಯಾರ್ಥಿವೇತನದ ಪ್ರಕರಣ ಅಧ್ಯಯನ

ಹಿನ್ನೆಲೆ

ಅಮೆರಿಕದ ದಕ್ಷಿಣ ಭಾಗದ ಒಂದು ರಾಜ್ಯದ ಸರ್ಕಾರಿ ಲಾ ಸ್ಕೂಲ್‌ನಲ್ಲಿ ದಿವಂಗತ ನ್ಯಾಯಾಧೀಶರೊಬ್ಬರ ಹೆಸರಿನ ವಿದ್ಯಾರ್ಥಿವೇತನವಿದೆ. ಅವರ ಭಾಗದ ವಿಚಾರಣಾ ನ್ಯಾಯಾಲಯದ ಪೀಠವೇರಿದ ಮೊದಲ ಕಪ್ಪುವರ್ಣೀಯರು ಅವರು. ಅದು 1970ರ ದಶಕ. ಅದಕ್ಕೂ ಕಾಲು ಶತಮಾನ ಮೊದಲು ಇದೇ ಲಾ ಸ್ಕೂಲ್ ಅವರ ಅರ್ಜಿಯನ್ನು ತಿರಸ್ಕರಿಸಿತ್ತು. ಸುಮ್ಮನೆ ತಿರಸ್ಕರಿಸಲಿಲ್ಲ, ಶುಲ್ಕದ ವ್ಯತ್ಯಾಸವನ್ನೂ ರೈಲು ಖರ್ಚನ್ನೂ ರಾಜ್ಯದ ಬೊಕ್ಕಸದಿಂದಲೇ ಕೊಟ್ಟು ಉತ್ತರದ ಒಂದು ವಿಶ್ವವಿದ್ಯಾಲಯಕ್ಕೆ ಸಾಗಹಾಕಿತ್ತು. (ಗುರುತು ಸಿಗಬಾರದೆಂದು ಇಲ್ಲಿ ಹೆಸರು, ಊರುಗಳನ್ನು ಬಿಟ್ಟಿದೆ, ಮೊತ್ತ ಮತ್ತು ದಿನಾಂಕಗಳನ್ನು ತುಸು ಬದಲಿಸಿದೆ.)

ಕಪ್ಪು ವಿದ್ಯಾರ್ಥಿಯನ್ನು ಹೊರರಾಜ್ಯಕ್ಕೆ ಕಳಿಸಿ ಕೈತೊಳೆದುಕೊಳ್ಳುವುದು ಆಗಿನ ಮಾಮೂಲಿ ಉಪಾಯ. ಲಾಯ್ಡ್ ಗೇನ್ಸ್ ಎಂಬ ವಿದ್ಯಾರ್ಥಿ ಮಿಸ್ಸೂರಿ ವಿಶ್ವವಿದ್ಯಾಲಯದ ವಿರುದ್ಧ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 1938ರಲ್ಲೇ ಇದು ಸಲ್ಲದು ಎಂದಿತ್ತು: ಬಿಳಿಯರಿಗೆ ರಾಜ್ಯದೊಳಗೆ ಕಾನೂನು ಶಿಕ್ಷಣ ಇದ್ದರೆ ಕಪ್ಪುವರ್ಣೀಯರಿಗೂ ರಾಜ್ಯದೊಳಗೇ ಇರಬೇಕು. ಆದರೂ ರಾಜ್ಯಗಳು ಬಗ್ಗಲಿಲ್ಲ. ಒಕ್ಲಹೋಮದ ಏಡಾ ಲೂಯಿಸ್ ಸಿಪುವೆಲ್ 1948ರಲ್ಲೂ ಟೆಕ್ಸಸ್‌ನ ಹೀಮನ್ ಸ್ವೆಟ್ 1950ರಲ್ಲೂ ಮತ್ತೆ ಸುಪ್ರೀಂ ಕೋರ್ಟಿನಲ್ಲೇ ಗೆಲ್ಲಬೇಕಾಯಿತು. ಫ್ಲಾರಿಡಾದ ವರ್ಜಿಲ್ ಹಾಕಿನ್ಸ್ ಅರ್ಜಿ ಹಾಕಿದ್ದು 1949ರಲ್ಲಿ. ಆ ರಾಜ್ಯದ ಸುಪ್ರೀಂ ಕೋರ್ಟ್ ಅವರನ್ನು ವಕೀಲಿ ವೃತ್ತಿಗೆ ಒಪ್ಪಿಕೊಂಡದ್ದು 1976ರಲ್ಲಿ.

ಇಂಥವರ ಹೆಸರಿನ ವಿದ್ಯಾರ್ಥಿವೇತನಗಳ ಪ್ರಮಾಣದಲ್ಲಿ ಅಜಗಜಾಂತರವಿದೆ. ಥರ್‌ಗುಡ್ ಮಾರ್ಷಲ್ (1967ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ) ಮತ್ತು ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ (1966ರಲ್ಲಿ ಫೆಡರಲ್ ಪೀಠವೇರಿದ ಮೊದಲ ಕಪ್ಪು ಮಹಿಳೆ) ಇಬ್ಬರ ಹೆಸರಿನಲ್ಲಿ ಎನ್‌ಎಎಸಿಪಿ ಲೀಗಲ್ ಡಿಫೆನ್ಸ್ ಫಂಡ್ (ಕಪ್ಪುವರ್ಣೀಯರ ಹಕ್ಕುಗಳಿಗಾಗಿ ದಾವೆ ಹೂಡುವ ಸಂಸ್ಥೆ) 2021ರಲ್ಲಿ ಆರಂಭಿಸಿದ ಯೋಜನೆಗೆ 4 ಕೋಟಿ ಡಾಲರ್ ದಾನ ಬಂದಿತ್ತು. ಲಾ ಸ್ಕೂಲಿನ ಖರ್ಚೆಲ್ಲ ಯೋಜನೆಯದು; ಪ್ರತಿಯಾಗಿ ಎಂಟು ವರ್ಷ ದಕ್ಷಿಣದ ರಾಜ್ಯಗಳಲ್ಲಿ ನಾಗರಿಕ ಹಕ್ಕುಗಳ ಕೆಲಸ ಮಾಡಬೇಕು. ಬಹುಪಾಲು ಸ್ಮಾರಕ ನಿಧಿಗಳು ಇದರ ಹತ್ತಿರಕ್ಕೂ ಬರುವುದಿಲ್ಲ.

ನಮ್ಮ ಪ್ರಕರಣದ ನಿಧಿಯೂ ಅಂಥದ್ದೇ. 1996ರಲ್ಲಿ ರಾಜ್ಯದ ಕಪ್ಪು ವಕೀಲರ ಸಂಘ ಚಂದಾ ಎತ್ತಿತು. ಸುಮಾರು 140 ಚೆಕ್ಕುಗಳು, ಒಟ್ಟು 60,000 ಡಾಲರ್. ವಿಶ್ವವಿದ್ಯಾಲಯದ ಫೌಂಡೇಶನ್‌ನಲ್ಲಿ ಇಟ್ಟ ಆ ಹಣ ಬೆಳೆದು 2023ರ ಹೊತ್ತಿಗೆ ಸರಾಸರಿ 2,12,000 ಡಾಲರ್ ಆಗಿತ್ತು. ಕಳೆದ 12 ತ್ರೈಮಾಸಿಕಗಳ ಸರಾಸರಿ ಮೌಲ್ಯದ ಮೇಲೆ ಶೇ 4ರಂತೆ ವರ್ಷಕ್ಕೆ ಖರ್ಚಿಗೆ ಸಿಗುತ್ತಿದ್ದದ್ದು 8,480 ಡಾಲರ್. ಒಂದೇ ಪುಟದ ದತ್ತಿಪತ್ರ. ತಿರುಳು ಒಂದು ಸಾಲಿನದು: ನಿಧಿಯ ಆದಾಯವನ್ನು ಪ್ರತಿವರ್ಷ ಒಬ್ಬ ಅರ್ಹ ಕಪ್ಪು ವಿದ್ಯಾರ್ಥಿಗೆ ಕೊಡತಕ್ಕದ್ದು. ಪರಿಸ್ಥಿತಿ ಬದಲಾದರೆ ಷರತ್ತನ್ನು ಯಾರು ತಿದ್ದಬೇಕು, ಹೇಗೆ ತಿದ್ದಬೇಕು ಎಂಬ ಮಾತೇ ಅದರಲ್ಲಿರಲಿಲ್ಲ.

ಸಮಸ್ಯೆ

2023ರ ಜೂನ್ 29ರಂದು ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ರದ್ದುಮಾಡಿತು. ತೀರ್ಪಿನ ವಿಷಯ ಪ್ರವೇಶವೇ ಹೊರತು ವಿದ್ಯಾರ್ಥಿವೇತನವಲ್ಲ. ಆದರೂ ವಿಶ್ವವಿದ್ಯಾಲಯಗಳ ವಕೀಲರು ಆ ಗೆರೆಯನ್ನು ನಂಬಿ ಕೂರಲಿಲ್ಲ. ತೀರ್ಪು ಬಂದ ದಿನವೇ ಮಿಸ್ಸೂರಿಯ ಅಟಾರ್ನಿ ಜನರಲ್ (ರಾಜ್ಯ ಸರ್ಕಾರದ ಮುಖ್ಯ ವಕೀಲರು) ತಮ್ಮ ರಾಜ್ಯದ ಕಾಲೇಜುಗಳಿಗೆ ಪತ್ರ ಬರೆದು ವಿದ್ಯಾರ್ಥಿವೇತನಕ್ಕೂ ಇದು ಅನ್ವಯ ಎಂದರು. ಲಾಯ್ಡ್ ಗೇನ್ಸ್‌ನನ್ನು ಹೊರಗಿಟ್ಟ ಅದೇ ಮಿಸ್ಸೂರಿ.

ಭಾರತದ ಓದುಗರಿಗೆ ಇಲ್ಲೊಂದು ವ್ಯತ್ಯಾಸ ಹೇಳಬೇಕು. ಮದ್ರಾಸಿನ ಕಾಲೇಜು ಪ್ರವೇಶದ ಜಾತಿವಾರು ಹಂಚಿಕೆಯನ್ನು ರದ್ದುಮಾಡಿದ ಚಂಪಕಂ ದೊರೈರಾಜನ್ ತೀರ್ಪಿನ ನಂತರ 1951ರ ಮೊದಲ ತಿದ್ದುಪಡಿ ನಮ್ಮ ಸಂವಿಧಾನಕ್ಕೆ 15(4)ನೇ ವಿಧಿಯನ್ನು ಸೇರಿಸಿತು; ಹಿಂದುಳಿದವರಿಗಾಗಿ ವಿಶೇಷ ಏರ್ಪಾಡು ಮಾಡಲು ಅಲ್ಲಿಂದ ಬಲ ಬಂತು. ಅಮೆರಿಕದ ಸಂವಿಧಾನದಲ್ಲಿ ಅಂಥ ವಿಧಿಯಿಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೇ ಅಧ್ಯಾಯ, ಫೆಡರಲ್ ಹಣ ಪಡೆಯುವ ಸಂಸ್ಥೆ ಜನಾಂಗ, ಬಣ್ಣ, ರಾಷ್ಟ್ರಮೂಲದ ಮೇಲೆ ಯಾರನ್ನೂ ಹೊರಗಿಡಬಾರದು ಎನ್ನುತ್ತದೆ. ಕಪ್ಪುವರ್ಣೀಯರು ಹೋರಾಡಿ ಪಡೆದ ಆ ಸಾಲನ್ನೇ ಈಗ ಅವರ ನಿಧಿಗಳ ವಿರುದ್ಧ ಓದಲಾಗುತ್ತಿದೆ.

2023ರ ಆಗಸ್ಟ್‌ನಲ್ಲಿ ವಿಶ್ವವಿದ್ಯಾಲಯದ ಕಾನೂನು ಕಚೇರಿ ನಿಧಿಯನ್ನು ಸ್ತಂಭನಗೊಳಿಸಿತು. ಅಸಲು ಸುರಕ್ಷಿತ, ವಿತರಣೆ ಬಂದ್. ಜತೆಗೆ ಒಂದು ಸಲಹೆಯೂ ಬಂತು: ನಿಧಿಯನ್ನು ಸಾಮಾನ್ಯ ವಿದ್ಯಾರ್ಥಿ ನೆರವಿನ ಖಾತೆಗೆ ವಿಲೀನ ಮಾಡೋಣ, ಹೆಸರನ್ನು ಗೋಡೆಯ ಫಲಕದಲ್ಲಿ ಉಳಿಸೋಣ. ಸಂಘ ಒಪ್ಪಲಿಲ್ಲ. ಒಪ್ಪದೇ ಇದ್ದದ್ದು ಸರಿಯಾಯಿತು, ಏಕೆಂದರೆ ಕಾನೂನಿನ ತೊಡಕು ಹೆಸರಿನಲ್ಲಿ ಇರಲೇ ಇಲ್ಲ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಕಪ್ಪು ಖಗೋಳಜ್ಞ ಬೆಂಜಮಿನ್ ಬ್ಯಾನೆಕರ್ ಹೆಸರಿನ ವಿದ್ಯಾರ್ಥಿವೇತನವನ್ನು ಫೆಡರಲ್ ಮೇಲ್ಮನವಿ ನ್ಯಾಯಾಲಯ 1994ರಷ್ಟು ಹಿಂದೆಯೇ ಅಸಿಂಧುಗೊಳಿಸಿತ್ತು. ಆಗಲೂ ತಪ್ಪಾಗಿ ಕಂಡದ್ದು ಯಾರು ಅರ್ಜಿ ಹಾಕಬಹುದು ಎಂಬ ಬೇಲಿ. ಯಾರ ನೆನಪಿಗೆ ಎಂಬುದಲ್ಲ. ಇವೆರಡನ್ನೂ ಒಂದೇ ಎಂದು ಭಾವಿಸಿ ಹೆಸರನ್ನೂ ಬಿಟ್ಟುಕೊಟ್ಟ ದಾನಿಗಳಿದ್ದಾರೆ. ಅದರ ಅಗತ್ಯವಿಲ್ಲ.

ಇನ್ನೊಂದು ಸಮಸ್ಯೆ ತೀರ್ಪಿಗಿಂತ ಹಳೆಯದು, ಯಾರೂ ಅದರತ್ತ ನೋಡಿರಲಿಲ್ಲ. ಪ್ರಶಸ್ತಿ ಘೋಷಣೆಯಾಗುತ್ತಿದ್ದದ್ದು ಫೆಬ್ರವರಿಯ ವಾರ್ಷಿಕ ಔತಣಕೂಟದಲ್ಲಿ. ಅಷ್ಟರಲ್ಲಿ ಆ ವರ್ಷದ ಶುಲ್ಕ ಕಟ್ಟಿ ಆಗಿರುತ್ತದೆ, ಸಾಲ ಮಂಜೂರಾಗಿರುತ್ತದೆ. ಹೀಗೆ 8,480 ಡಾಲರ್ ಯಾರನ್ನೂ ಈ ಲಾ ಸ್ಕೂಲಿಗೆ ಸೆಳೆಯುತ್ತಿರಲಿಲ್ಲ, ಯಾರ ಸಾಲವನ್ನೂ ತಪ್ಪಿಸುತ್ತಿರಲಿಲ್ಲ. ಫೋಟೊಗೆ ಚೆನ್ನಾಗಿರುತ್ತಿತ್ತು.

ಮಾಡಿದ ಪ್ರಯತ್ನಗಳು

ಮೊದಲನೆಯದು ಪದ ಬದಲಾವಣೆ. “ಕಪ್ಪು ವಿದ್ಯಾರ್ಥಿ” ಎಂಬಲ್ಲಿ “ಪ್ರಾತಿನಿಧ್ಯ ಕಡಿಮೆಯಿರುವ ಸಮುದಾಯದ ವಿದ್ಯಾರ್ಥಿ” ಎಂದು ಹಾಕಿ, ಕಪ್ಪು ಕಾನೂನು ವಿದ್ಯಾರ್ಥಿಗಳ ಸಂಘದ ಸದಸ್ಯತ್ವಕ್ಕೆ ಹೆಚ್ಚುವರಿ ಅಂಕ ಸೇರಿಸಿದರು. ಕಾನೂನು ಕಚೇರಿ ಎರಡನ್ನೂ ಹೊಡೆದುಹಾಕಿತು. ನೇರವಾಗಿ ಮಾಡಬಾರದ್ದನ್ನು ಸುತ್ತುಬಳಸಿಯೂ ಮಾಡಬಾರದೆಂದು ತೀರ್ಪಿನಲ್ಲೇ ಎಚ್ಚರಿಕೆಯಿತ್ತು.

ಎರಡನೆಯದು, ಈ ವಲಯದಲ್ಲಿ “ಪೂಲ್ ಅಂಡ್ ಮ್ಯಾಚ್” ಎನ್ನುವ ವಿಧಾನ. ಎಲ್ಲ ವಿದ್ಯಾರ್ಥಿಗಳನ್ನೂ ಜನಾಂಗ ನೋಡದೆ ಒಂದೇ ಮಾನದಂಡದಲ್ಲಿ ಆರಿಸಿ, ಆಯ್ಕೆಯಾದ ಮೇಲೆ ಹಿಂಬದಿಯಲ್ಲಿ ಯಾರ ಹಣ ಯಾವ ನಿಧಿಯಿಂದ ಎಂದು ಹೊಂದಿಸುವುದು. ಯಾರೂ ಜನಾಂಗದ ಕಾರಣಕ್ಕೆ ನೆರವು ಕಳೆದುಕೊಳ್ಳುವುದಿಲ್ಲ ಎಂಬುದು ವಾದ. ಹಲವು ವಿಶ್ವವಿದ್ಯಾಲಯಗಳು ವರ್ಷಗಟ್ಟಲೆ ಹೀಗೆ ನಡೆಸಿದ್ದವು. ಇಲ್ಲಿನ ಕಚೇರಿ ಮಾತ್ರ, ಹೊಂದಿಸುವ ಹಂತದಲ್ಲಾದರೂ ಯಾರೋ ಒಬ್ಬರು ಜನಾಂಗದ ಕಾಲಂ ನೋಡಲೇಬೇಕಲ್ಲ ಎಂದು ಬಾಗಿಲು ಮುಚ್ಚಿತು.

ಮೂರನೆಯದಕ್ಕೆ ಸಂಘ ಬಹಳ ಆಸೆ ಇಟ್ಟಿತ್ತು: ನಿಧಿಯನ್ನು ವಿಶ್ವವಿದ್ಯಾಲಯದಿಂದ ಹೊರತೆಗೆದು ಸಂಘದ ಸ್ವಂತ ದತ್ತಿ ಸಂಸ್ಥೆಗೆ ಒಯ್ಯುವುದು. ಖಾಸಗಿ ಸಂಸ್ಥೆ ಫೆಡರಲ್ ಹಣ ಪಡೆಯುವುದಿಲ್ಲ, ಹಾಗಾಗಿ ಆರನೇ ಅಧ್ಯಾಯದ ಭಯವಿಲ್ಲ ಎಂಬುದು ಲೆಕ್ಕ. ಆದರೆ ಒಪ್ಪಂದಗಳಲ್ಲಿ ಜನಾಂಗಭೇದವನ್ನು ನಿಷೇಧಿಸುವ, 1866ರ ಕಾಯ್ದೆಯಿಂದ ಬಂದ 1981ನೇ ಸೆಕ್ಷನ್ ಖಾಸಗಿಯವರಿಗೂ ಅನ್ವಯಿಸುತ್ತದೆ. 2023ರ ಆಗಸ್ಟ್‌ನಲ್ಲಿ ಪರ್ಕಿನ್ಸ್ ಕೂಯಿ, ಮಾರಿಸನ್ ಫೋರ್‌ಸ್ಟರ್ ಎಂಬ ದೊಡ್ಡ ವಕೀಲಿ ಸಂಸ್ಥೆಗಳ ಫೆಲೋಶಿಪ್‌ಗಳ ಮೇಲೆ ದಾವೆ ಬಿದ್ದದ್ದು ಇದೇ ಸೆಕ್ಷನ್ ಅಡಿಯಲ್ಲಿ. ಎರಡೂ ಸಂಸ್ಥೆಗಳು ಅರ್ಹತೆಯ ಷರತ್ತು ಬದಲಿಸಿದ ಮೇಲೆ ದಾವೆ ಹಿಂದೆ ಹೋದವು. 2024ರ ಜೂನ್‌ನಲ್ಲಿ ಫೆಡರಲ್ ಮೇಲ್ಮನವಿಯ 11ನೇ ಸರ್ಕಿಟ್ ನ್ಯಾಯಾಲಯ, ಕಪ್ಪು ಮಹಿಳಾ ಉದ್ಯಮಿಗಳಿಗೆಂದೇ ಫಿಯರ್‌ಲೆಸ್ ಫಂಡ್ ನಡೆಸುತ್ತಿದ್ದ ಅನುದಾನ ಸ್ಪರ್ಧೆಗೆ ತಡೆ ನೀಡಿತು. ಸ್ಪರ್ಧೆಯ ನಿಯಮಗಳು ಒಪ್ಪಂದದ ರೂಪದಲ್ಲಿದ್ದವು, ಆದ್ದರಿಂದ ಸೆಕ್ಷನ್ ಅನ್ವಯ ಎಂಬುದು ಬಹುಮತದ ನಿಲುವು. ಸಂಘದ ವಕೀಲರು ಆ ತೀರ್ಪನ್ನು ಓದಿ ಕಡತ ಮುಚ್ಚಿದರು.

ದಾನಿಯ ಒಪ್ಪಿಗೆಯಿಂದ ಷರತ್ತು ಬದಲಿಸಬಹುದಲ್ಲವೇ ಎಂಬ ಪ್ರಶ್ನೆ ಆಗ ಬಂತು. ಬದಲಿಸಬಹುದು, ದಾನಿ ಒಬ್ಬರಿದ್ದರೆ. ಇಲ್ಲಿ 140 ಚೆಕ್ಕುಗಳು. ಬರೆದವರಲ್ಲಿ ಅರ್ಧದಷ್ಟು ಮಂದಿ ಬದುಕಿಲ್ಲ. ಉಳಿದದ್ದು ನ್ಯಾಯಾಲಯದ ದಾರಿ. ಸಂಸ್ಥೆಗಳ ನಿಧಿ ನಿರ್ವಹಣೆಗೆಂದು 2006ರಲ್ಲಿ ರೂಪಿಸಿದ, ಪೆನ್ಸಿಲ್ವೇನಿಯ ಬಿಟ್ಟು ಉಳಿದೆಲ್ಲ ರಾಜ್ಯಗಳು ಅಳವಡಿಸಿಕೊಂಡಿರುವ ಏಕರೂಪ ಕಾಯ್ದೆಯೊಂದಿದೆ; ವಕೀಲರ ಬಾಯಲ್ಲಿ “ಅಪ್‌ಮಿಫಾ”. ಅದರ ಆರನೇ ಸೆಕ್ಷನ್ ಪ್ರಕಾರ ದತ್ತಿಯ ಷರತ್ತು ಕಾನೂನುಬಾಹಿರವೋ ಅಸಾಧ್ಯವೋ ಆದಾಗ ನ್ಯಾಯಾಲಯ ಅದನ್ನು ಮಾರ್ಪಡಿಸಬಹುದು. ದಾನಪತ್ರದ ಉದ್ದೇಶಕ್ಕೆ ಹೊಸ ಷರತ್ತು ಹೊಂದಿಕೊಂಡಿರಬೇಕು, ರಾಜ್ಯದ ಅಟಾರ್ನಿ ಜನರಲ್‌ಗೆ ನೋಟಿಸ್ ಹೋಗಬೇಕು. (ಮಾದರಿ ಕಾಯ್ದೆಯಲ್ಲಿ, 20 ವರ್ಷ ಮೀರಿದ, 25,000 ಡಾಲರ್‌ಗಿಂತ ಚಿಕ್ಕ ನಿಧಿಯಾದರೆ ನ್ಯಾಯಾಲಯವೂ ಬೇಡ, ನೋಟಿಸ್ ಕೊಟ್ಟು 60 ದಿನ ಕಾದರೆ ಸಂಸ್ಥೆಯೇ ತಿದ್ದಬಹುದು. ಈ ಮಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ.)

ತಿರುವು

ಅರ್ಜಿಯ ಬಲವೆಲ್ಲ ನಿಂತಿದ್ದದ್ದು ಉದ್ದೇಶ ಏನು ಎಂಬುದರ ಮೇಲೆ. ಒಂದು ಸಾಲಿನ ದತ್ತಿಪತ್ರ ಉದ್ದೇಶವನ್ನು ಹೇಳುತ್ತಿರಲಿಲ್ಲ, ಫಲಾನುಭವಿಯನ್ನಷ್ಟೇ ಹೇಳುತ್ತಿತ್ತು. ಹಾಗೆಯೇ ಓದಿದರೆ ಕಪ್ಪು ಎಂಬ ವಿಶೇಷಣ ತೆಗೆದ ಕೂಡಲೇ ಏನೂ ಉಳಿಯುವುದಿಲ್ಲ. ಹಣ ಸಾಮಾನ್ಯ ಖಾತೆಗೆ ಹೋಗಲಿ ಎಂಬ ವಿಶ್ವವಿದ್ಯಾಲಯದ ಮಾತೇ ಗೆಲ್ಲುತ್ತದೆ.

2024ರ ಸೆಪ್ಟೆಂಬರ್‌ನಲ್ಲಿ ಫೌಂಡೇಶನ್‌ನ ಹಳೆಯ ಕಾಗದಪತ್ರಗಳ ಪೆಟ್ಟಿಗೆಯಲ್ಲಿ 1996ರ ಪತ್ರವ್ಯವಹಾರ ಸಿಕ್ಕಿತು. ನ್ಯಾಯಾಧೀಶರ ತಂಗಿ ಬರೆದ ಎರಡು ಪುಟದ ಪತ್ರ, ಅದಕ್ಕೆ ಪಿನ್ ಮಾಡಿದ್ದ ಒಂದು ನಕಲು: ಅಣ್ಣನನ್ನು ಹೊರರಾಜ್ಯಕ್ಕೆ ಕಳಿಸಲು ರಾಜ್ಯ ಕೊಟ್ಟ ಹಣದ ರಸೀದಿ. ತಮ್ಮ ಕೌಂಟಿಯಂಥ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ) ಬಡ ಊರಿನ ಮಕ್ಕಳು ವಕೀಲಿ ಕಲಿಯಲು ರಾಜ್ಯ ಬಿಟ್ಟು ಹೋಗುವಂತಾಗಬಾರದು, ಕಲಿತವರು ಆ ಊರುಗಳ ಜನರ ಪರ ನಿಲ್ಲಬೇಕು ಎಂಬುದು ಆಕೆಯ ಆಸೆ. ವಕೀಲರ ಸಂಘ ಅದಕ್ಕೆ ಒಪ್ಪಿ ಉತ್ತರ ಬರೆದಿತ್ತು. ಮುಚ್ಚಿದ್ದ ಕಡತ ಮತ್ತೆ ತೆರೆಯಿತು. ನವೆಂಬರ್‌ನಲ್ಲಿ ಸಲ್ಲಿಸಿದ ಅರ್ಜಿಗೆ ಈ ಪತ್ರವೇ ಮುಖ್ಯ ಸಾಕ್ಷ್ಯವಾಯಿತು.

ಹೊಸ ಷರತ್ತುಗಳು ಹೀಗೆ ರೂಪುಗೊಂಡವು: ಮೊದಲ ವರ್ಷದ ಯಾವುದೇ ವಿದ್ಯಾರ್ಥಿ ಅರ್ಜಿ ಹಾಕಬಹುದು, ವಕೀಲರ ಕೊರತೆಯಿರುವ ಕೌಂಟಿಗಳಲ್ಲಿ ಕಾನೂನು ನೆರವು, ಪಬ್ಲಿಕ್ ಡಿಫೆಂಡರ್ (ಬಡ ಆರೋಪಿಗಳ ಪರ ಸರ್ಕಾರಿ ವಕೀಲ) ಅಥವಾ ನಾಗರಿಕ ಹಕ್ಕುಗಳ ಕೆಲಸದ ದಾಖಲೆ ಮತ್ತು ಯೋಜನೆ ಇರಬೇಕು. ಕೌಂಟಿಗಳ ಪಟ್ಟಿಯಲ್ಲಿ ಜಗಳ ಹತ್ತಿತು. ಸಂಘ ಕೊಟ್ಟ ಪಟ್ಟಿಯಲ್ಲಿ 12 ಕೌಂಟಿಗಳಿದ್ದವು, ಬಹುತೇಕ ಎಲ್ಲವೂ ಕಪ್ಪು ಬಹುಸಂಖ್ಯಾತ. ಬೇರೆಯವು ಏಕಿಲ್ಲ ಎಂದು ಕಾನೂನು ಕಚೇರಿ ಕೇಳಿತು, ಉತ್ತರವಿರಲಿಲ್ಲ. ಕೊನೆಗೆ ರಾಜ್ಯ ಬಾರ್‌ನ ನೋಂದಣಿಯಿಂದ ಪ್ರತಿ ಕೌಂಟಿಯ ಸಕ್ರಿಯ ವಕೀಲರ ಸಂಖ್ಯೆ ತೆಗೆದು, ಒಂದೇ ಅಳತೆಗೋಲು ಹಿಡಿದಾಗ 19 ಕೌಂಟಿಗಳು ಬಂದವು. ಸಂಘದ 12ರ ಜತೆ, ಬಿಳಿಯರೇ ಹೆಚ್ಚಿರುವ ಏಳು ಬೆಟ್ಟದ ಕೌಂಟಿಗಳು.

ಸಂಘದ ಹಿರಿಯರಲ್ಲಿ ಹಲವರಿಗೆ ಇದು ನುಂಗಲಾರದ ತುತ್ತು. ಆ ಲಾ ಸ್ಕೂಲಿನ ಬಾಗಿಲಲ್ಲಿ ತಡೆಯಲ್ಪಟ್ಟವರ ಹೆಸರಿನ ಹಣ ಕಪ್ಪು ವಿದ್ಯಾರ್ಥಿಗೇ ಸಿಗುತ್ತದೆಂಬ ಖಾತರಿ ಇಲ್ಲದಿದ್ದರೆ ಇದು ಯಾರ ಸ್ಮಾರಕ ಎಂದು ಅವರು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ವರ್ಷಕ್ಕೆ 8,480 ಡಾಲರ್ ಕೊಡುವ ನಿಧಿಯೊಂದು ಅದನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ಯಲಾರದು, ಅಷ್ಟೇ. ಮತದಾನದಲ್ಲಿ ಸಣ್ಣ ಅಂತರದಿಂದ ಹೊಸ ಷರತ್ತು ಗೆದ್ದಿತು. ಇಬ್ಬರು ಸಮಿತಿ ಬಿಟ್ಟರು.

2025ರ ಜನವರಿಯಲ್ಲಿ ಅಟಾರ್ನಿ ಜನರಲ್ ಕಚೇರಿ ಆಕ್ಷೇಪವಿಲ್ಲ ಎಂದಿತು. ಅಷ್ಟರಲ್ಲಿ ಫೆಬ್ರವರಿ 14ರಂದು ಫೆಡರಲ್ ಶಿಕ್ಷಣ ಇಲಾಖೆಯ ಪತ್ರ ಎಲ್ಲ ವಿಶ್ವವಿದ್ಯಾಲಯಗಳಿಗೂ ಬಂತು. 2023ರ ತೀರ್ಪನ್ನು ಅದು ವಿದ್ಯಾರ್ಥಿವೇತನ ಸೇರಿದಂತೆ ಎಲ್ಲದಕ್ಕೂ ವಿಸ್ತರಿಸಿ ಓದಿತ್ತು. (ಆ ಪತ್ರವನ್ನು ಮೇರಿಲ್ಯಾಂಡ್‌ನ ಫೆಡರಲ್ ನ್ಯಾಯಾಲಯ ಆಗಸ್ಟ್‌ನಲ್ಲಿ ರದ್ದುಮಾಡಿತು.) ವಿಶ್ವವಿದ್ಯಾಲಯ ಮತ್ತೆ ಹಿಂಜರಿಯಿತು. ಮಾರ್ಚ್‌ನಲ್ಲಿ ನ್ಯಾಯಾಲಯದ ಆದೇಶ ಕೈಗೆ ಬಂದಾಗ ಹಿಂಜರಿಕೆ ನಿಂತಿತು. ಖಾಸಗಿ ಒಪ್ಪಂದವಾಗಿದ್ದರೆ ಅದು ಆ ತಿಂಗಳು ಉಳಿಯುತ್ತಿರಲಿಲ್ಲ.

ಏನಾಯಿತು

ಹಣ ಹಂಚುವ ರೀತಿಯನ್ನೂ ಆದೇಶದಲ್ಲೇ ಬದಲಿಸಿಕೊಂಡಿದ್ದರು. ಫೆಬ್ರವರಿಯ ಚೆಕ್ ಬದಲು ಎರಡು ಕಂತು: ಮೊದಲ ವರ್ಷದ ಬೇಸಿಗೆಯಲ್ಲಿ ಸಂಬಳವಿಲ್ಲದ ಕಾನೂನು ನೆರವಿನ ಕೆಲಸಕ್ಕೆ 4,500 ಡಾಲರ್, ಅದೇ ವಿದ್ಯಾರ್ಥಿ ಪದವಿ ಪಡೆದ ಮೇಲೆ ವಕೀಲಿ ಪರವಾನಗಿಯ ಬಾರ್ ಪರೀಕ್ಷೆಯ ತಯಾರಿಗೆ 3,980. ಮೇ ಮಧ್ಯದಿಂದ ಜುಲೈ ಕೊನೆಯ ಪರೀಕ್ಷೆಯವರೆಗಿನ ಹತ್ತು ವಾರ ಬಡ ವಿದ್ಯಾರ್ಥಿಗೆ ಅತ್ಯಂತ ಕಷ್ಟದ ಕಾಲ. ಪದವಿ ಮುಗಿದಿರುವುದರಿಂದ ಆ ವಾರಗಳ ಬಾಡಿಗೆ, ಊಟಕ್ಕೆ ಫೆಡರಲ್ ಸಾಲ ಇಲ್ಲ. ಕೋಚಿಂಗ್ ಶುಲ್ಕ ಬೇರೆ. ಸ್ತಂಭನದ ಎರಡು ವರ್ಷ ಉಳಿದಿದ್ದ 16,960 ಡಾಲರನ್ನು ಆಗಿನ ಅಂತಿಮ ವರ್ಷದವರ ಬಾರ್ ಖರ್ಚಿಗೆ ಬಳಸಿದರು.

ಮೊದಲ ಸುತ್ತು 2025ರ ಏಪ್ರಿಲ್‌ನಲ್ಲಿ. ಹಳೆಯ ಕಾಲದಲ್ಲಿ ವರ್ಷಕ್ಕೆ ಎಂಟೊಂಬತ್ತು ಅರ್ಜಿ ಬರುತ್ತಿದ್ದಲ್ಲಿ 61 ಬಂದವು. ಪ್ರಬಂಧದ ಪ್ರಶ್ನೆ: ನ್ಯಾಯಾಧೀಶರ ಪರಂಪರೆ ನಿಮಗೆ ಏನು? ಎಲ್ಲವೂ ಒಂದೇ ಅಚ್ಚಿನವು. ಧೈರ್ಯ, ಸ್ಫೂರ್ತಿ, ದಾರಿದೀಪ. ಐವರ ಸಮಿತಿಯಲ್ಲಿ ಎಲ್ಲರೂ ಎಲ್ಲವನ್ನೂ ಓದಿ ಹತ್ತಕ್ಕೆ ಅಂಕ ಕೊಟ್ಟರು. ಒಬ್ಬರ 8 ಇನ್ನೊಬ್ಬರ 6. ಸರಾಸರಿಯಲ್ಲಿ ಮೇಲಿನ ಹನ್ನೊಂದು ಅರ್ಜಿಗಳ ನಡುವೆ ಅರ್ಧ ಅಂಕದ ಅಂತರವೂ ಇರಲಿಲ್ಲ. ಜತೆಗೆ ಏಪ್ರಿಲ್ ಹೊತ್ತಿಗೆ ಒಳ್ಳೆಯ ಬೇಸಿಗೆ ಜಾಗಗಳೆಲ್ಲ ಭರ್ತಿಯಾಗಿದ್ದವು.

ಆಯ್ಕೆಯಾದ ವಿದ್ಯಾರ್ಥಿಗೆ ಇನ್ನೊಂದು ಪೆಟ್ಟು ಕಾದಿತ್ತು. 4,500 ಡಾಲರನ್ನು ನೆರವು ಕಚೇರಿಯ ತಂತ್ರಾಂಶ ಮುಂದಿನ ವರ್ಷದ ನೆರವೆಂದು ದಾಖಲಿಸಿ, ಲಾ ಸ್ಕೂಲಿನ ಸ್ವಂತ ಅನುದಾನದಲ್ಲಿ 2,000 ಡಾಲರ್ ಕಡಿತ ಮಾಡಿತು. ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಿತ್ತುಕೊಳ್ಳುವ ಈ ಪರಿಪಾಠ ಹೊಸದಲ್ಲ. ಮೇರಿಲ್ಯಾಂಡ್ 2017ರಲ್ಲಿ ತನ್ನ ಸರ್ಕಾರಿ ಕಾಲೇಜುಗಳಲ್ಲಿ ಇದಕ್ಕೆ ಕಾನೂನಿನ ಲಗಾಮು ಹಾಕಿತು. ಒಟ್ಟು ನೆರವು ಓದಿನ ಒಟ್ಟು ವೆಚ್ಚವನ್ನು ಮೀರಬಾರದೆಂಬ ಫೆಡರಲ್ ನಿಯಮ ಇರುವುದು ನಿಜ. ಆದರೆ ಮೀರಿದಾಗ ಮೊದಲು ಸಾಲವನ್ನು ಇಳಿಸಬೇಕೋ ಅನುದಾನವನ್ನೋ ಎಂಬುದು ಸಂಸ್ಥೆಯ ಕೈಯಲ್ಲಿದೆ. ಫೌಂಡೇಶನ್ ಮತ್ತು ನೆರವು ಕಚೇರಿ ನಡುವೆ ಒಂದು ಪುಟದ ತಿಳಿವಳಿಕೆ ಪತ್ರ ಆಯಿತು: ಮೊದಲು ಸಾಲ, ಆಮೇಲೂ ಉಳಿದರೆ ಮಾತ್ರ ಅನುದಾನ, ಬೇಸಿಗೆಯ ಹಣ ಬೇಸಿಗೆಯ ಖಾತೆಗೇ. ಕಡಿತವಾದ 2,000 ವಾಪಸ್ ಬಂತು.

ತೆರಿಗೆಯ ಮಾತನ್ನೂ ಆಗಲೇ ಆಯ್ಕೆ ಪತ್ರಕ್ಕೆ ಸೇರಿಸಿದರು. ಶುಲ್ಕ, ಪುಸ್ತಕಗಳಿಗೆ ಹೋಗುವ ವಿದ್ಯಾರ್ಥಿವೇತನಕ್ಕೆ ತೆರಿಗೆಯಿಲ್ಲ. ಬೇಸಿಗೆ ಭತ್ಯೆಗೂ ಬಾರ್ ತಯಾರಿಯ ಹಣಕ್ಕೂ ಇದೆ. ತೆರಿಗೆ ಮೊದಲೇ ಕಡಿತವಾಗದೆ ಹಣ ಪೂರ್ತಿ ಕೈಗೆ ಬರುವುದರಿಂದ ಮುಂದಿನ ಏಪ್ರಿಲ್‌ನಲ್ಲಿ ಬಿಲ್ ಕಂಡು ಗಾಬರಿಯಾಗುತ್ತದೆ.

ಎರಡನೇ ಸುತ್ತಿಗೆ ಅರ್ಜಿ ನವೆಂಬರ್‌ನಲ್ಲಿ ತೆರೆದು ಜನವರಿ 15ಕ್ಕೆ ಮುಗಿಯಿತು. ನಿಜವಾದ ಬದಲಾವಣೆ ಪ್ರಬಂಧದ್ದು. ವಿಚಾರಣಾ ನ್ಯಾಯಾಲಯದ ಆದೇಶಗಳು ಸಾಮಾನ್ಯವಾಗಿ ಅಚ್ಚಾಗುವುದಿಲ್ಲ. ಸಮಿತಿಯವರು ಕೌಂಟಿ ಕೋರ್ಟಿನ ಕಡತದಿಂದಲೇ ನ್ಯಾಯಾಧೀಶರ ಒಂದು ಆದೇಶ ತರಿಸಿದರು. ಹನ್ನೊಂದು ಪುಟ, ಟೈಪ್ ಮಾಡಿದ್ದು, ಅಂಚಿನಲ್ಲಿ ಅವರ ಕೈಬರಹದ ತಿದ್ದುಪಡಿ. ಕೌಂಟಿಯ ಜ್ಯೂರಿ ಪಟ್ಟಿಯಲ್ಲಿ ಕಪ್ಪುವರ್ಣೀಯರ ಹೆಸರು ಹೇಗೆ ಕಾಣೆಯಾಗುತ್ತಿತ್ತು ಎಂದು ಲೆಕ್ಕ ಹಾಕಿ, ಇಡೀ ಪಟ್ಟಿಯನ್ನು ರದ್ದುಮಾಡಿದ ಆದೇಶ ಅದು. ಹೊಸ ಪ್ರಶ್ನೆ: ನೀವು ಕೌಂಟಿಯ ಪರ ವಕೀಲರಾಗಿದ್ದರೆ ಈ ಆದೇಶದ ಯಾವ ಭಾಗವನ್ನು ಪ್ರಶ್ನಿಸುತ್ತಿದ್ದಿರಿ, ನ್ಯಾಯಾಧೀಶರು ಅದಕ್ಕೆ ಎಲ್ಲಿ ಉತ್ತರ ಕೊಟ್ಟಿದ್ದಾರೆ? 750 ಪದ.

ಅರ್ಜಿಗಳು 34ಕ್ಕೆ ಇಳಿದವು, ಓದಲು ಯೋಗ್ಯವಾದವು ಏರಿದವು. ಸೇವೆಯ ದಾಖಲೆಗೆ 40, ಪ್ರಬಂಧಕ್ಕೆ 30, ಬೇಸಿಗೆ ಯೋಜನೆಗೆ 20, ಆರ್ಥಿಕ ಅಗತ್ಯಕ್ಕೆ 10 ಅಂಕ. ಮೊದಲು ಮೂರು ಮಾದರಿ ಅರ್ಜಿಗಳನ್ನು ಎಲ್ಲರೂ ಒಟ್ಟಿಗೆ ಓದಿ ಅಳತೆ ಹೊಂದಿಸಿಕೊಂಡರು. ನಂತರ ಪ್ರತಿ ಅರ್ಜಿಗೆ ಇಬ್ಬರು ಓದುಗರು; 15 ಅಂಕಕ್ಕಿಂತ ಹೆಚ್ಚು ಅಂತರ ಬಂದರೆ ಮೂರನೆಯವರು. ಜನಾಂಗದ ಕಾಲಂ ಅರ್ಜಿಯಲ್ಲಿಲ್ಲ. ತನ್ನ ಬದುಕನ್ನು ಜನಾಂಗ ಹೇಗೆ ತಟ್ಟಿತು ಎಂದು ಅಭ್ಯರ್ಥಿ ತಾನಾಗಿ ಬರೆದರೆ, ಅದರಿಂದ ಕಾಣುವ ವೈಯಕ್ತಿಕ ಗುಣಕ್ಕೆ ಬೆಲೆ ಕೊಡಬಹುದು. ಅಷ್ಟಕ್ಕೆ 2023ರ ತೀರ್ಪಿನಲ್ಲೇ ಅವಕಾಶವಿದೆ. ಈವರೆಗೆ ಆಯ್ಕೆಯಾದವರಲ್ಲಿ ಒಬ್ಬರು ಬೆಟ್ಟದ ಕೌಂಟಿಯಿಂದ, ಒಬ್ಬರು ನ್ಯಾಯಾಧೀಶರ ನೆರೆಯ ಕೌಂಟಿಯಿಂದ. ಅವರ ಜನಾಂಗವನ್ನು ಸಮಿತಿ ದಾಖಲಿಸಿಲ್ಲ.

ಇದರಿಂದ ಬೇರೆಯವರಿಗೆ

ದತ್ತಿಪತ್ರ ಬರೆಯುವವರು ಫಲಾನುಭವಿ ಯಾರು ಎಂಬುದಕ್ಕಿಂತ ಹೆಚ್ಚು ಜಾಗವನ್ನು ಏಕೆ ಎಂಬುದಕ್ಕೆ ಕೊಡಲಿ. ನೆನಪಿಸಿಕೊಳ್ಳುವ ವ್ಯಕ್ತಿ ಮಾಡಿದ ಕೆಲಸವನ್ನು ನಾಲ್ಕು ಸಾಲಿನಲ್ಲಿ ಬರೆದಿಟ್ಟರೆ ಮೂವತ್ತು ವರ್ಷದ ನಂತರದ ನ್ಯಾಯಾಲಯಕ್ಕೆ ಹಿಡಿಯಲು ಒಂದು ದಾರ ಸಿಗುತ್ತದೆ. ತಿದ್ದುವ ಅಧಿಕಾರ ಯಾರಿಗೆ ಎಂಬ ಒಂದು ಷರತ್ತು ಇದ್ದಿದ್ದರೆ ಇಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತುವ ಕೆಲಸ ಬಹುಶಃ ತಪ್ಪುತ್ತಿತ್ತು. ಅಮೆರಿಕದ ಕನ್ನಡಿಗ ದಾನಿಗಳಿಗೂ ಇದು ಸಂಬಂಧಿಸಿದ್ದೇ: ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕನ್ನಡಿಗ ಮೂಲದ ವಿದ್ಯಾರ್ಥಿಗೆ ಮಾತ್ರ ಎಂದು ಬರೆದ ನಿಧಿ ರಾಷ್ಟ್ರಮೂಲದ ಪ್ರಶ್ನೆಯಲ್ಲಿ ಸಿಕ್ಕಿಕೊಳ್ಳಬಹುದು, ಕನ್ನಡ ಅಧ್ಯಯನ ಮಾಡುವ ಯಾವುದೇ ವಿದ್ಯಾರ್ಥಿಗೆ ಎಂದು ಬರೆದರೆ ಆ ತೊಡಕಿಲ್ಲ.

ಪತ್ರವ್ಯವಹಾರವನ್ನು ಎಸೆಯಬೇಡಿ. ಈ ಪ್ರಕರಣ ಗೆದ್ದದ್ದು ಒಂದು ಪತ್ರ ಮತ್ತು ಅದಕ್ಕೆ ಪಿನ್ ಮಾಡಿದ ಒಂದು ರಸೀದಿಯಿಂದ.

ಸಮಿತಿಯ ಮುಂದೆ ಎರಡು ವಿಷಯಗಳು ಬಾಕಿ ಇವೆ. ನೆರವು ಪಡೆದವರು ಪದವಿಯ ನಂತರ ದೊಡ್ಡ ಕಾರ್ಪೊರೇಟ್ ಸಂಸ್ಥೆ ಸೇರಿದರೆ ಹಣವನ್ನು ಸಾಲವಾಗಿ ಪರಿವರ್ತಿಸಬೇಕೆಂಬ ಸಲಹೆ ಬಂದಿತ್ತು. ಹಾಗೆ ಮಾಡಿದರೆ ನಿಧಿ ಸಾಲದಾತನಾಗುತ್ತದೆ, ಬಡ್ಡಿ, ವಸೂಲಿ, ಬಹಿರಂಗಪಡಿಸುವಿಕೆಯ ನಿಯಮಗಳೆಲ್ಲ ಬೆನ್ನು ಹತ್ತುತ್ತವೆ, ಸದ್ಯಕ್ಕೆ ಬಿಟ್ಟಿದ್ದಾರೆ. ಇನ್ನೊಂದು ಫೆಡರಲ್ ಸಾಲದ್ದು. 2025ರ ಜುಲೈನಲ್ಲಿ ಬಂದ ಕಾನೂನಿನಂತೆ 2026ರ ಜುಲೈ 1ರಿಂದ ಹೊಸ ವಿದ್ಯಾರ್ಥಿಗಳಿಗೆ ಗ್ರಾಡ್ ಪ್ಲಸ್ (ಓದಿನ ಒಟ್ಟು ವೆಚ್ಚದವರೆಗೂ ಸಿಗುತ್ತಿದ್ದ ಫೆಡರಲ್ ಸಾಲ) ಇಲ್ಲ. ಕಾನೂನು ವಿದ್ಯಾರ್ಥಿಗಳ ಫೆಡರಲ್ ಸಾಲಕ್ಕೆ ವರ್ಷಕ್ಕೆ 50,000, ಒಟ್ಟು 2,00,000 ಡಾಲರ್ ಮಿತಿ. ಈ ಮಿತಿಗೆ ಸಿಲುಕುವ ವಿದ್ಯಾರ್ಥಿಗೆ ಬೇಸಿಗೆ ಭತ್ಯೆಗಿಂತ ಪ್ರವೇಶದ ಹೊತ್ತಿಗೆ ಸಿಗುವ ನೆರವು ಮುಖ್ಯವಾಗಬಹುದು. ಆದರೆ 8,480 ಡಾಲರನ್ನು ಅಲ್ಲಿಗೂ ಇಲ್ಲಿಗೂ ಹಂಚಿದರೆ ಎರಡೂ ಕಡೆ ಸಾಲದು. ಆಗಸ್ಟ್‌ನಲ್ಲಿ ಹೊಸ ತಂಡ ಬಂದ ಮೇಲೆ, ನೆರವು ಕಚೇರಿಯಿಂದ ಎಷ್ಟು ಮಂದಿ ಮಿತಿಯ ಹತ್ತಿರವಿದ್ದಾರೆಂಬ ಲೆಕ್ಕ ತರಿಸಿಕೊಂಡು ತೀರ್ಮಾನಿಸುವುದೆಂದು ಗೊತ್ತುಮಾಡಿಕೊಂಡಿದ್ದಾರೆ.